ಮಧ್ಯಾಹ್ನ ಹನ್ನೆರಡರ ವರದಿ

ಸಮುದ್ರದ ಮೇಲಿರುವ ಹಡಗು ದಿನಕ್ಕೊಮ್ಮೆ, ತಾನಿರುವ ಜಾಗದ ಮಧ್ಯಾಹ್ನ ಹನ್ನೆರಡಕ್ಕೆ, ತನ್ನ ಕಚೇರಿಗೆ ಒಂದು ವರದಿ ಕಳಿಸಬೇಕು. ನೂನ್ ರಿಪೋರ್ಟ್ ಎನ್ನುತ್ತೇವೆ. ಎಲ್ಲಿದ್ದೀರಿ, ಗಾಳಿ ಯಾವ ಕಡೆಯದು, ಇಂಧನ ಎಷ್ಟು ಉಳಿದಿದೆ, ಕುಡಿಯುವ ನೀರು ಎಷ್ಟು, ಜನ ಎಷ್ಟು. ಐದೇ ಸಾಲು. ಬೇಲಾಪುರ ಸ್ಟೇಷನ್ನಿನ ಎದುರಿನ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಕುಳಿತು ಹದಿನೆಂಟು ವರ್ಷದಿಂದ ನಾನು ಈ ಐದು ಸಾಲುಗಳನ್ನು ಓದುತ್ತಿದ್ದೇನೆ. ಹಡಗುಗಳಿಗೆ ಜನರನ್ನು ಕಳಿಸುವುದು, ಅವರು ಮನೆಗೆ ಬರುವ ತನಕ ನಿಗಾ ಇಡುವುದು ನಮ್ಮ ಕಚೇರಿಯ ಕೆಲಸ. ವರದಿ ಹತ್ತು ನಿಮಿಷ ತಡವಾದರೆ ನನ್ನ ತಲೆ ಬಿಸಿಯಾಗುತ್ತದೆ. ಕ್ಯಾಪ್ಟನ್‌ಗಳು ನನಗೆ ಗಡಿಯಾರ ಮಾಸ್ತರ ಎಂದು ಹೆಸರಿಟ್ಟಿರುವುದು ನನಗೆ ಗೊತ್ತು. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ವರ್ಷ ನಮ್ಮದೊಂದು ಸಣ್ಣ ಸರಕಿನ ಹಡಗು ಕಪ್ಪು ಸಮುದ್ರದ ಕಡೆಯ ಒಂದು ಬಂದರಿನಲ್ಲಿ ಗೋಧಿ ತುಂಬಿಸಿಕೊಳ್ಳುತ್ತಿದ್ದಾಗ ಯುದ್ಧ ಶುರುವಾಯಿತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಏನೇನಾಯಿತೆಂದು ಆಮೇಲೆ ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಬಂದರಿನ ಬಾಯಿಗೆ ಮೈನು, ಅಂದರೆ ನೀರೊಳಗಿನ ಸಿಡಿಗುಂಡು, ಹಾಕಿದರು, ಹಡಗು ಹೊರಗೆ ಬರುವ ಹಾಗಿಲ್ಲ. ಹದಿಮೂರು ಜನರಲ್ಲಿ ಒಂಬತ್ತು ಜನರನ್ನು ಮೊದಲ ವಾರದಲ್ಲೇ ಬಸ್ಸಿನಲ್ಲಿ ಗಡಿ ದಾಟಿಸಿದೆವು. ಹಡಗನ್ನು ಖಾಲಿ ಬಿಡುವಂತಿಲ್ಲವಾದ್ದರಿಂದ ನಾಲ್ಕು ಜನ ಉಳಿದರು: ಕ್ಯಾಪ್ಟನ್, ಸೆಕೆಂಡ್ ಇಂಜಿನಿಯರ್, ಅಡುಗೆಯವ, ಮತ್ತು ಫಿಟ್ಟರ್.

ಫಿಟ್ಟರ್ ಹುಬ್ಬಳ್ಳಿಯ ಕಡೆಯವರು, ಮನೆ ಡೊಂಬಿವಲಿ ಪೂರ್ವದಲ್ಲಿ. ಇಪ್ಪತ್ತು ವರ್ಷ ರಬಾಳೆಯ ಒಂದು ಕಾರ್ಖಾನೆಯಲ್ಲಿ ತಗಡು ಕತ್ತರಿಸಿ, ವೆಲ್ಡಿಂಗ್ ಮಾಡಿ, ಅದು ಮುಚ್ಚಿದ ಮೇಲೆ ನಲವತ್ತನಾಲ್ಕನೆಯ ವಯಸ್ಸಿಗೆ ಸಮುದ್ರಕ್ಕೆ ಇಳಿದವರು. ಆ ವಯಸ್ಸಿನವರನ್ನು ಹೊಸದಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಲೇತ್ ಯಂತ್ರದ ಮೇಲಿನ ಅವರ ಕೆಲಸ ನೋಡಿ, ಕನ್ನಡದವರು ಎಂಬ ಮಮತೆಯೂ ಸೇರಿ, ನಾನೇ ಅವರನ್ನು ಆ ಹಡಗಿಗೆ ಹತ್ತಿಸಿದ್ದೆ. ಬಸ್ಸು ಹೊರಡುವ ದಿನ ಫೋನಿನಲ್ಲಿ, "ನೀವೂ ಹೊರಡ್ತೀರಾ ಮಾರಾಯ್ರೆ?" ಎಂದು ಕೇಳಿದೆ.

"ಜನರೇಟರ್ ಬಂದ್ ಆದ್ರ ಈ ಥಂಡಿಯೊಳಗ ಎಲ್ಲಾರೂ ಸಾಯ್ತಾರ್ರಿ ಸರ್. ಅದು ನನ್ ಮಾತ ಅಷ್ಟ ಕೇಳತೈತಿ. ನಾ ಇರ್ತೇನಿ," ಎಂದರು.

ಆ ಊರಿನಲ್ಲಿ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದವರು ಬಂದರಿನ ಒಂದು ಏಜೆನ್ಸಿಯ ಹೆಂಗಸು, ನಿವೃತ್ತಿಗೆ ಹತ್ತಿರವಾದವರು. ಅಲ್ಲಿಗೆ ಬಂದ ಹಡಗಿಗೆ ನೀರು, ತರಕಾರಿ, ಡಾಕ್ಟರು, ಸುಂಕದ ಕಾಗದ, ಎಲ್ಲವನ್ನೂ ಒದಗಿಸುವುದು ಅವರೇ. ನಾನು ಅವರನ್ನು ಕಂಡವನಲ್ಲ. ಹನ್ನೊಂದು ವರ್ಷದಿಂದ ಫೋನಿನಲ್ಲೂ ಈಮೇಲಿನಲ್ಲೂ ಪರಿಚಯ. ಅವರದು ತುಂಡು ತುಂಡು ಇಂಗ್ಲಿಷು, ಆದರೆ ಹೇಳಿದ ಕೆಲಸ ಹೇಳಿದ ಗಂಟೆಗೆ ಆಗುತ್ತಿತ್ತು. ನನ್ನ ಜಾತಿಯ ಮನುಷ್ಯರು ಎಂದು ನಾನು ಅಂದುಕೊಳ್ಳುತ್ತಿದ್ದೆ, ಗಡಿಯಾರದ ಜಾತಿ.

ಎರಡನೆಯ ವಾರದಲ್ಲಿ ಹಡಗಿಗೆ ಫಿರಂಗಿಯ ಶೆಲ್ ಬಿತ್ತು. ಮೇಲಿನ ಕೋಣೆಗಳೆಲ್ಲ ಉರಿದುಹೋದವು. ನಾಲ್ವರೂ ಕೆಳಗೆ ಇಂಜಿನ್ ರೂಮಿನಲ್ಲಿದ್ದುದರಿಂದ ಬದುಕಿದರು. ನಾವು ಏಜೆಂಟ್ ಬಾಯಿ ಎನ್ನುತ್ತಿದ್ದ ಆ ಹೆಂಗಸು ನಡೆದೇ ಬಂದರಿಗೆ ಬಂದು ಅವರನ್ನು ಗೋಡೆ ಮರೆಯಲ್ಲಿ ತಮ್ಮ ಮನೆಗೆ ಕರೆದುಕೊಂಡು ಹೋದರು. ಒಂಬತ್ತು ಮಹಡಿಯ ಹಳೆಯ ಕಟ್ಟಡ, ಇವರ ಮನೆ ಎರಡನೆಯದರಲ್ಲಿ. ಮನೆಯಲ್ಲಿ ಯಾರೂ ಮಲಗುತ್ತಿರಲಿಲ್ಲ. ಇಡೀ ಕಟ್ಟಡದ ಜನ ನೆಲಮಾಳಿಗೆಗೆ ಇಳಿದಿದ್ದರು. ಉಪ್ಪಿನಕಾಯಿ ಜಾಡಿ, ಹಳೆ ಸೈಕಲ್ಲು ಇಡುವ ಜಾಗದಲ್ಲಿ ಸಾಲಾಗಿ ಹಾಸಿಗೆ ಹಾಕಿದ್ದರು. ಕರೆಂಟು, ಗ್ಯಾಸು, ನಲ್ಲಿ ನೀರು, ಒಂದೂ ಇಲ್ಲ.

ಫೋನಿನ ಸಿಗ್ನಲ್ ಕೂಡ ಸತ್ತಿತ್ತು. ಒಂಬತ್ತನೆಯ ಮಹಡಿಯ ಮೆಟ್ಟಿಲಿನ ಕಿಟಕಿಯಲ್ಲಿ ಮಾತ್ರ ದೂರದ ಯಾವುದೋ ಟವರಿನ ಒಂದು ಕಡ್ಡಿ ಸಿಗುತ್ತಿತ್ತು. ಲಿಫ್ಟ್ ಇಲ್ಲ. ಏಜೆಂಟ್ ಬಾಯಿ ಹತ್ತಿದರು. ಮೂರು ದಿನ ಏನೂ ಸುದ್ದಿಯಿಲ್ಲದೆ ನಾನು ಊಟ ನಿದ್ದೆ ಬಿಟ್ಟು ಕುಳಿತಿದ್ದಾಗ, ನಮ್ಮ ಗಡಿಯಾರದ ಮೂರೂವರೆಗೆ, ಅಂದರೆ ಅಲ್ಲಿಯ ಹನ್ನೆರಡಕ್ಕೆ, ಈ ಸಂದೇಶ ಬಂತು. ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಸ್ಥಳ: ನಮ್ಮ ನೆಲಮಾಳಿಗೆ. ಗಾಳಿ: ಬಂದರಿನ ಕಡೆಯಿಂದ, ಹೊಗೆ ಸಮೇತ. ಇಂಧನ: ಮೂರನೆಯ ಮಹಡಿಯ ಮಾಸ್ತರರ ಪುಸ್ತಕದ ಕಪಾಟು, ಎರಡು ಬಾಗಿಲು. ಕುಡಿಯುವ ನೀರು: ಹನ್ನೊಂದು ಬಾಟಲಿ. ಜನ: ನಲವತ್ತಮೂರು. ಅದರಲ್ಲಿ ನಿಮ್ಮವರು ನಾಲ್ಕು, ಕ್ಷೇಮ."

ಮೊದಲು ನನಗೆ ಸಿಟ್ಟು ಬಂತು, ಇಂಥ ಹೊತ್ತಿನಲ್ಲಿ ತಮಾಷೆಯೇ ಎಂದು. ಎರಡನೆಯ ಬಾರಿ ಓದಿದಾಗ ಕಣ್ಣು ಮಂಜಾಯಿತು. ಅವರು ಹೇಳಬೇಕಾದುದನ್ನೆಲ್ಲ ಹೇಳಿದ್ದರು. ಅಲ್ಲಿ ಯಾರು ಹೇಗಿದ್ದಾರೆ, ಇನ್ನೆಷ್ಟು ದಿನ ತಡೆಯಬಹುದು ಎಂಬುದು ಆ ಐದು ಸಾಲಿನಲ್ಲಿತ್ತು.

ಫಿಟ್ಟರರ ಹೆಂಡತಿ ಆ ದಿನವೇ ಮೊದಲ ಬಾರಿ ಕಚೇರಿಗೆ ಬಂದಿದ್ದರು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಬೇಲಾಪುರ. ನನ್ನ ಕ್ಯಾಬಿನ್ನಿನ ಗಾಜಿನಾಚೆ ಒಂದು ಬೆಂಚು ಇದೆ, ಕೆಲಸ ಕೇಳಿಕೊಂಡು ಬರುವವರು ಕೂರುವ ಬೆಂಚು. ಅದರ ಮೇಲೆ ಕುಳಿತಿದ್ದರು. ಸಂದೇಶ ಓದಿ ಹೇಳಿದೆ.

"ಸುದ್ದಿ ಬಂದ ಕೂಡ್ಲೆ ನಿಮ್ಮ ಫೋನಿಗೆ ಕಳಿಸ್ತೇನೆ ಅಕ್ಕ. ಈ ಬಿಸಿಲಿನಲ್ಲಿ ಇಲ್ಲಿ ತನಕ ಬರುವುದು ಎಂತಕ್ಕೆ?" ಎಂದೆ.

"ಮನ್ಯಾಗ ಟೀವಿ ಹಚ್ಚಿರತಾರ್ರಿ. ಒಬ್ಬಾಂವ ಊರು ಬಿತ್ತು ಅಂತಾನ, ಇನ್ನೊಬ್ಬಾಂವ ಇಲ್ಲ ಅಂತಾನ. ಮಗಳು ಮೊಬೈಲ್ ತಗೊಂಡು ಒಂದ ಸಮ ನೋಡ್ಕೋತ ಕುಂತಾಳ. ನನಗ ಹುಚ್ಚ ಹಿಡ್ಯೂಹಂಗ ಆಗೇತಿ. ಇಲ್ಲೆ ಬಂದ್ರ ಖರೇ ಸುದ್ದಿ ಒಂದ ಸಿಗತೈತಿ. ನಾ ಏನೂ ಮಾತಾಡಂಗಿಲ್ರಿ, ಸುಮ್ನ ಕುಂದ್ರತೇನಿ."

ಹೇಳಿದ ಹಾಗೆಯೇ ಮಾಡಿದರು. ದಿನಾ ಮೂರಕ್ಕೆ ಬಂದು, ಒಂದು ಸಣ್ಣ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಅದರಲ್ಲಿ ಮಧ್ಯಾಹ್ನದ ರೊಟ್ಟಿ. ಸುದ್ದಿ ಬರುವ ತನಕ ಡಬ್ಬಿ ಬಿಚ್ಚುತ್ತಿರಲಿಲ್ಲ.

ನನ್ನ ಅಪ್ಪನಿಗೆ ಠಾಣೆ ಸ್ಟೇಷನ್ನಿನ ಬಳಿ ಹೋಟೆಲಿತ್ತು. ಉಡುಪಿ ಕಡೆಯವರ ಎಲ್ಲ ಹೋಟೆಲಿನ ಹಾಗೆ ಅಲ್ಲೂ ಒಂದು ಕಟ್ಟಳೆ: ಗಿರಾಕಿ ಬಂದು ಕುಳಿತರೆ ಮೊದಲು ಒಂದು ಲೋಟ ನೀರು ಎದುರಿಗೆ ಇಡಬೇಕು, ಆಮೇಲೆ ಮಾತು. ಕುಳಿತವರ ಮುಂದೆ ಬರಿಯ ಮೇಜು ಕಂಡರೆ ಅಪ್ಪ ಗಲ್ಲಾದಿಂದಲೇ ಗದರುತ್ತಿದ್ದರು. ನಾನು ಹೋಟೆಲು ಬಿಟ್ಟು ಹಡಗಿನ ಕಚೇರಿ ಹಿಡಿದರೂ ಆ ಬುದ್ಧಿ ಹೋಗಲಿಲ್ಲ. ಆ ಹೆಂಗಸು ಬಂದು ಕುಳಿತ ಕೂಡಲೇ ಎದುರಿಗೆ ಏನಾದರೂ ಇಡಲೇಬೇಕು ಎಂದು ನನಗೆ ಒಳಗಿನಿಂದ ಒತ್ತುತ್ತಿತ್ತು. ನೀರು ಕೊಡುತ್ತಿದ್ದೆ, ಚಹಾ ತರಿಸುತ್ತಿದ್ದೆ. ಆದರೆ ಅವರು ಬಂದಿದ್ದುದು ಅದಕ್ಕಲ್ಲ.

ಮೂರೂವರೆಗೆ ವರದಿ ಬರುತ್ತಿತ್ತು. ಒಂದು ದಿನ, "ಇಂಧನ: ಕಪಾಟು ಮುಗಿಯಿತು. ಮಾಸ್ತರರು ಪುಸ್ತಕ ಕೊಡಲು ಒಪ್ಪಿದ್ದಾರೆ, ಗಣಿತದ್ದು ಮೊದಲು." ಇನ್ನೊಂದು ದಿನ, "ನೀರು: ಹಿಮ ಬಿದ್ದಿದೆ, ಆದ್ದರಿಂದ ಸಾಕಷ್ಟಿದೆ." ಮರುದಿನ, "ನೀರು: ಹಿಮ ಕರಗಿತು. ಎರಡು ಬೀದಿ ದಾಟಿದರೆ ಒಂದು ಬುಗ್ಗೆ ಇದೆ, ಸಾಲಿನಲ್ಲಿ ನಾಲ್ಕು ಗಂಟೆ ನಿಂತೆವು. ಮುಂದೆ ನಿಂತಿದ್ದವರಲ್ಲಿ ಕೆಲವರು ವಾಪಸು ಬರಲಿಲ್ಲ. ಅವರ ಡಬ್ಬಗಳನ್ನು ನಾವು ತಂದೆವು." ಮತ್ತೊಂದು ದಿನ, "ಜನ: ನಲವತ್ತೆರಡು. ಮೊದಲ ಮಹಡಿಯ ಮುದುಕರು ಇನ್ಸುಲಿನ್ ಇಲ್ಲದೆ ಹೋದರು. ಅಂಗಳದಲ್ಲಿ ಮಕ್ಕಳ ಉಯ್ಯಾಲೆಯ ಬಳಿ ಮಣ್ಣು ಮೆತ್ತಗಿದೆ, ಅಲ್ಲಿಯೇ ಇಟ್ಟೆವು. ನಿಮ್ಮವರು ಗುಂಡಿ ತೋಡಿದರು." ವಾರ ಕಳೆದ ಮೇಲೆ, "ಜನ: ಐವತ್ತೊಂದು. ಪಕ್ಕದ ಕಟ್ಟಡ ಹೋಯಿತು, ಉಳಿದವರು ಇಲ್ಲಿಗೆ ಬಂದರು."

ಕ್ಯಾಬಿನ್ನಿಗೆ ಕರೆದು ನಾನು ಫಿಟ್ಟರರ ಹೆಂಡತಿಗೆ ಕೊನೆಯ ಸಾಲು ಮಾತ್ರ ಓದಿ ಹೇಳುತ್ತಿದ್ದೆ. ನಿಮ್ಮವರು ನಾಲ್ಕು, ಕ್ಷೇಮ. ಅವರು ತಲೆಯಾಡಿಸಿ ಹೊರಗೆ ಹೋಗಿ ಡಬ್ಬಿ ಬಿಚ್ಚುತ್ತಿದ್ದರು.

ಒಂದು ವರದಿಯನ್ನು ಮಾತ್ರ ಪೂರ್ತಿ ಓದಿದೆ. ಅಂಗಳದಲ್ಲಿ ಇಟ್ಟಿಗೆ ಇಟ್ಟು ಗಂಜಿ ಕಾಯಿಸಲು ಹೋದ ಇಬ್ಬರು ಹೆಂಗಸರಿಗೆ ಶೆಲ್ಲಿನ ಚೂರು ತಗುಲಿತ್ತು. ಆಮೇಲೆ ನಮ್ಮ ಫಿಟ್ಟರ್ ಯಾರದೋ ಸ್ನಾನದ ಮನೆಯ ನೀರು ಕಾಯಿಸುವ ಡ್ರಮ್ಮನ್ನು ಗರಗಸದಲ್ಲಿ ಕೊಯ್ದು, ಬಾಗಿಲು ಕೂರಿಸಿ, ಮಳೆನೀರಿನ ಕೊಳವೆಯನ್ನು ಹೊಗೆಗೆ ಜೋಡಿಸಿ ನೆಲಮಾಳಿಗೆಯಲ್ಲೇ ಒಂದು ಒಲೆ ಮಾಡಿದ್ದರು. ಅದಕ್ಕೆ ಎರಡು ದಿನ ಹಿಡಿಯಿತು, ವೆಲ್ಡಿಂಗ್ ಇಲ್ಲದೆ ಬರಿಯ ರಿವೆಟ್ಟು. ಏಜೆಂಟ್ ಬಾಯಿ ಬರೆದಿದ್ದರು: "ಇನ್ನು ಅಡುಗೆಗೆ ಯಾರೂ ಅಂಗಳಕ್ಕೆ ಹೋಗಬೇಕಾಗಿಲ್ಲ. ಯುದ್ಧ ಮುಗಿದ ಮೇಲೂ ಫಿಟ್ಟರನ್ನು ವಾಪಸು ಕೊಡುವ ವಿಚಾರ ನಮಗಿಲ್ಲ."

ಫಿಟ್ಟರರ ಹೆಂಡತಿ ಮೊದಲ ಬಾರಿ ನಕ್ಕರು. "ಮನ್ಯಾಗ ಒಂದ ನಳಾ ಸೋರಾಕತ್ತೈತಿ ನೋಡ್ರಿ ಅಂದ್ರ ಮೂರ ತಿಂಗಳ ಬೇಕು ಈ ಮನಷ್ಯಾಗ," ಎಂದು ಹೇಳುತ್ತ ಹೇಳುತ್ತ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಸ್ವಲ್ಪ ಹೊತ್ತಾದ ಮೇಲೆ, "ಆ ಅಕ್ಕಾರಿಗೆ ಒಂದ ಇಳಕಲ್ ಸೀರಿ ಕಳಸ್ಬೇಕ್ರಿ. ಉಡ್ತಾರೋ ಇಲ್ಲೋ, ಕಿಡಕಿಗೆ ಪರದೆ ಮಾಡ್ಲಿ ಬೇಕಾದ್ರ. ನಾ ಕಳಸೂದು ಕಳಸೇನಿ," ಎಂದರು.

ಇತ್ತ ನಮ್ಮ ಕೆಲಸ ಒಂದೂ ಕೈಗೂಡುತ್ತಿರಲಿಲ್ಲ. ಊರಿನಿಂದ ಜನರನ್ನು ಹೊರಗೆ ತರಲು ದಾರಿ ಬಿಡುತ್ತಾರೆ ಎಂದು ಸುದ್ದಿ ಬಂದಾಗಲೆಲ್ಲ ನಾಲ್ವರ ಹೆಸರು, ಪಾಸ್‌ಪೋರ್ಟ್ ನಂಬರು, ಕಟ್ಟಡದ ವಿಳಾಸ ಸೇರಿಸಿ ಪಟ್ಟಿ ಮಾಡಿ ರಾಯಭಾರ ಕಚೇರಿಗೆ, ವಿಮೆಯವರಿಗೆ, ಬಸ್ಸಿನ ವ್ಯವಸ್ಥೆ ಮಾಡುವವರಿಗೆ ಕಳಿಸುತ್ತಿದ್ದೆ. ಮೂರು ಸಲ ದಾರಿ ತೆರೆಯುತ್ತದೆಂದರು, ಮೂರು ಸಲವೂ ಬಸ್ಸು ಊರಿನ ಹೊರಗಿನ ತಪಾಸಣೆಯಲ್ಲೇ ನಿಂತು ಹಿಂದೆ ಹೋಯಿತು. ಪ್ರತಿಸಲ ಹೊಸ ನಮೂನೆ, ಹೊಸ ಸಹಿ, ಹೊಸ ಸೀಲು. ನಾನು ನಮೂನೆ ತುಂಬುವುದರಲ್ಲಿ ಜಾಣ. ಅಷ್ಟೊಂದು ಜಾಣತನ ಅಷ್ಟು ನಿರುಪಯೋಗವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನೆಲಮಾಳಿಗೆಗೆ ಹೋದ ಮೂರನೆಯ ವಾರ, ವರದಿಯ ಜೊತೆಗೆ ಕ್ಯಾಪ್ಟನ್ನರ ಧ್ವನಿಯ ಒಂದು ತುಣುಕು ಬಂತು. ಕೆಳಗೆ ರೆಕಾರ್ಡು ಮಾಡಿ, ಮೇಲೆ ಹತ್ತಿದಾಗ ಏಜೆಂಟ್ ಬಾಯಿ ಕಳಿಸಿದ್ದು. ಕ್ಯಾಪ್ಟನ್ ಹಿಂದಿಯಲ್ಲಿ ಮಾತಾಡಿದ್ದರು, ಬಹುಶಃ ಆಕೆಗೆ ತಿಳಿಯಬಾರದೆಂದು. ಅವರು ಹೇಳಿದ್ದು ಇಷ್ಟು: ನಾಲ್ಕು ದಿನದಿಂದ ಹನ್ನೊಂದರಿಂದ ಒಂದರ ನಡುವೆಯೇ ಶೆಲ್ ಬೀಳುತ್ತಿವೆ. ಮೇಲಿನ ಮಹಡಿಗಳ ಕಿಟಕಿ ಗೋಡೆ ಹಾರಿಹೋಗಿವೆ. ಆಕೆಯ ಬದಲು ನಾವು ಹತ್ತುತ್ತೇವೆಂದರೆ ಒಪ್ಪುವುದಿಲ್ಲ: ಪರದೇಶದ ಗಂಡಸರು ಫೋನು ಹಿಡಿದು ಮೇಲೆ ನಿಂತರೆ ಗುರಿ ತೋರಿಸುವವರೆಂದು ಯಾರಾದರೂ ಗುಂಡು ಹೊಡೆಯುತ್ತಾರೆ ಎನ್ನುತ್ತಾರೆ, ಅದು ನಿಜವೂ ಹೌದು. ಆಕೆಗೆ ಮೊಣಕಾಲು ನೋವು ಬೇರೆ. ದಿನಾ ವರದಿ ಬೇಡವೆಂದು ಕಚೇರಿಯೇ ಹೇಳಲಿ, ನಾವು ಹೇಳಿದರೆ ಕೇಳುವುದಿಲ್ಲ.

ನಾನು ಮೇಲಿನವರ ಹತ್ತಿರ ಹೋದೆ. ಹಡಗಿನ ಮಾಲೀಕರ ಜೊತೆಗೂ ಮಾತಾಡಿದರು. "ವಾರಕ್ಕೊಂದು ಸಾಕು. ಅದೂ ಆದರೆ," ಎಂದರು. ಹತ್ತು ನಿಮಿಷದ ಕೆಲಸ. ಬಂದು ಕುಳಿತು ಇಂಗ್ಲಿಷಿನಲ್ಲಿ ಎರಡು ಸಾಲು ಟೈಪು ಮಾಡಿದೆ. ದಿನಾ ವರದಿ ಬೇಡ, ಮೇಲೆ ಹತ್ತಬೇಡಿ ಎಂದು.

ತಲೆ ಎತ್ತಿದೆ. ಗಾಜಿನಾಚೆ ಬೆಂಚಿನ ಮೇಲೆ ಅವರು ಆಗಲೇ ಸುದ್ದಿ ಕೇಳಿ, ಡಬ್ಬಿ ಬಿಚ್ಚಿ, ರೊಟ್ಟಿ ಮುರಿಯುತ್ತಿದ್ದರು. ನಾಳೆ ಬಂದು ಕೂರುತ್ತಾರೆ. ನಾಡಿದ್ದೂ ಕೂರುತ್ತಾರೆ. ಮೂರೂವರೆಯಾಗುತ್ತದೆ, ನಾಲ್ಕಾಗುತ್ತದೆ, ಎದುರಿಗೆ ಇಡಲು ನನ್ನ ಬಳಿ ಏನೂ ಇರುವುದಿಲ್ಲ. ಏಳು ದಿನ ಆ ಬೆಂಚನ್ನು ನೋಡಿಕೊಂಡು ಕೂರುವುದು ನನ್ನಿಂದ ಆಗದು ಅನ್ನಿಸಿತು. ಅದು ಅವರ ಮೇಲಿನ ಕನಿಕರ ಎಂದು ಆಗ ನಂಬಿದ್ದೆ. ಅರ್ಧ ಕನಿಕರವಿರಬಹುದು. ಇನ್ನರ್ಧ ನನ್ನ ಸ್ವಂತದ ಸಂಕಟ, ಅದನ್ನು ತಪ್ಪಿಸಿಕೊಳ್ಳಬೇಕಾಗಿತ್ತು.

ಆ ಎರಡು ಸಾಲನ್ನು ಕಳಿಸದೆ ಹಾಗೆಯೇ ಬಿಟ್ಟು ಹೊಸದೊಂದು ಬರೆದೆ. "ನಿಮ್ಮ ಸುರಕ್ಷತೆಯೇ ಮುಖ್ಯ. ಆದರೂ ಸಾಧ್ಯವಾದರೆ ದಿನನಿತ್ಯದ ವರದಿ ಬಂದರೆ ಉಪಕಾರವಾಗುತ್ತದೆ." ಕಳಿಸಿದೆ.

ನಮ್ಮ ಕೆಲಸದ ಇಂಗ್ಲಿಷು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿ ಹಡಗಿಗೆ ಯಾವತ್ತೂ ಮಾಡು ಎನ್ನುವುದಿಲ್ಲ. ಸಾಧ್ಯವಾದರೆ ಎನ್ನುತ್ತದೆ, ಉಪಕಾರವಾಗುತ್ತದೆ ಎನ್ನುತ್ತದೆ. ಹದಿನೆಂಟು ವರ್ಷದಲ್ಲಿ ಸಾವಿರ ಸಲ ನಾನು ಹಾಗೆ ಬರೆದಿದ್ದೇನೆ, ಒಬ್ಬ ಕ್ಯಾಪ್ಟನ್ನೂ ಅದನ್ನು ವಿನಂತಿ ಎಂದು ಓದಿಲ್ಲ. ಮೂವತ್ತು ವರ್ಷ ಬಂದರಿನಲ್ಲಿ ದುಡಿದ ಆ ಹೆಂಗಸು ಹೇಗೆ ಓದಿಯಾರು? ಅದೂ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗಿಲ್ಲ.

ಮರುದಿನ ಹನ್ನೆರಡಕ್ಕೇ ಬಂತು. ಅದರ ಮರುದಿನವೂ. ಐದನೆಯ ದಿನದ ವರದಿ ಹೀಗಿತ್ತು: "ಸ್ಥಳ: ಅದೇ. ಗಾಳಿ: ಇಲ್ಲ, ಆಕಾಶ ಶುಭ್ರವಾಗಿದೆ, ಅದು ಒಳ್ಳೆಯದಲ್ಲ. ಇಂಧನ: ಇತಿಹಾಸದ ಪುಸ್ತಕಗಳು ಶುರುವಾದವು. ನೀರು: ಆರು ಬಾಟಲಿ. ಜನ: ನಲವತ್ತೊಂಬತ್ತು. ನಿಮ್ಮವರು ನಾಲ್ಕು, ಕ್ಷೇಮ. ನಾಳೆ ಇದೇ ಹೊತ್ತಿಗೆ."

ಮರುದಿನ ಮೂರೂವರೆಗೆ ಏನೂ ಬರಲಿಲ್ಲ.

ನಾಲ್ಕಾಯಿತು, ಐದಾಯಿತು. ಬೆಂಚಿನ ಮೇಲೆ ಅವರು ಡಬ್ಬಿ ಬಿಚ್ಚಲಿಲ್ಲ. "ಟವರ್ ಹೋಗಿರಬೇಕು ಅಕ್ಕ," ಎಂದೆ. ಆರಕ್ಕೆ ಇಬ್ಬರೂ ಒಂದೇ ಗಾಡಿ ಹಿಡಿದೆವು. ಘಣಸೋಲಿ ದಾಟಿ ರಬಾಳೆಯಲ್ಲಿ ಗಾಡಿ ನಿಂತಾಗ ಕಿಟಕಿಯಿಂದ ಕಾರ್ಖಾನೆಗಳ ತಗಡಿನ ಮಾಡು ಕಾಣುತ್ತಿತ್ತು.

"ಇಲ್ಲೇ ಇದ್ರು ನೋಡ್ರಿ ಇಪ್ಪತ್ತ ವರ್ಷ," ಎಂದರು. "ಆರೂವರಿಗೆ ಕೆಲಸ ಬಿಡೂ ಭೋಂಗಾ ಊದತಿತ್ತು, ಏಳೂವರಿಗೆ ಮನ್ಯಾಗ ಇರತಿದ್ರು. ಒಂದಿನಾ ಎಂಟ ಆತಂದ್ರ ನಾ ಗ್ಯಾಲರಿಯೊಳಗ ಬಂದ ನಿಂದರತಿದ್ದೆ. ಈಗ ಅದಕ್ಕ ನಗು ಬರತೈತಿ."

ಅಷ್ಟರಲ್ಲಿ ಮಗಳ ಫೋನು ಬಂತು. "ಆಯೀ, ಕಾಹೀ ಆಲಂ ಕಾ?" ಎಂದು, ಏನಾದರೂ ಸುದ್ದಿ ಬಂತೇ ಎಂದು ಮರಾಠಿಯಲ್ಲಿ ಕೇಳುವುದು ನನಗೂ ಕೇಳಿಸಿತು. "ಇನ್ನೂ ಇಲ್ಲವಾ, ನಾಳೆ ಬರತೈತಿ," ಎಂದು ತಾಯಿ ಹೇಳಿದರು. ಮಗಳಿಗಿಂತ ತನಗೇ ಹೇಳಿಕೊಂಡ ಹಾಗಿತ್ತು.

ಐದು ದಿನ ಏನೂ ಬರಲಿಲ್ಲ. ಐದು ದಿನವೂ ಅವರು ಬಂದು ಕುಳಿತರು, ನಾನು ಲೋಟದಲ್ಲಿ ನೀರು ಇಟ್ಟೆ. ನಾನು ಯಾವುದಕ್ಕೆ ಹೆದರಿ ಆ ಸಂದೇಶ ಬರೆದಿದ್ದೆನೋ ಅದು ಹಾಗೆಯೇ ನಡೆಯಿತು. ಮನುಷ್ಯ ಅದನ್ನು ತಡೆದುಕೊಳ್ಳಬಲ್ಲ ಎಂಬುದು ಅಷ್ಟು ತಡವಾಗಿ ನನಗೆ ತಿಳಿಯಿತು.

ಆರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಯಾವುದೋ ಪರದೇಶದ ನಂಬರಿನಿಂದ ಕ್ಯಾಪ್ಟನ್ ಕರೆ ಮಾಡಿದರು. ಕಟ್ಟಡದ ಜನರ ಜೊತೆ ನಡೆದು ಊರು ದಾಟಿ, ಒಂದು ಟ್ರಕ್ಕು ಸಿಕ್ಕಿ, ಬೇರೆ ಊರು ಸೇರಿದ್ದರು. ನಾಲ್ವರೂ ಇದ್ದಾರೆ. ನಾನು ಕುರ್ಚಿಯಿಂದ ಎದ್ದು ನಿಂತೆ. ಕ್ಯಾಬಿನ್ನಿನ ಹೊರಗೆ ಹುಡುಗಿಯರು ನನ್ನ ಮುಖ ನೋಡಿಯೇ ಚಪ್ಪಾಳೆ ಹೊಡೆದರು. ಏಜೆಂಟ್ ಮೇಡಂ ಎಲ್ಲಿದ್ದಾರೆ, ಅವರಿಗೂ ಫೋನು ಕೊಡಿ ಎಂದೆ.

"ಆಕೆ ಇಲ್ಲ," ಎಂದರು ಕ್ಯಾಪ್ಟನ್. "ಐದು ದಿನದ ಹಿಂದೆ. ಮಧ್ಯಾಹ್ನ."

ಆ ದಿನ ಮೂರಕ್ಕೆ ಫಿಟ್ಟರರ ಹೆಂಡತಿ ಬಂದಾಗ ಒಳ್ಳೆಯ ಸುದ್ದಿಯನ್ನಷ್ಟೇ ಹೇಳಿದೆ. ಅವರು ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಯಾರೋ ಪೇಢೆ ತರಿಸಿದರು. ನನಗೂ ಒಂದು ಕೊಟ್ಟರು, ತಿಂದೆ.

ಮೂರು ವಾರದ ನಂತರ ಫಿಟ್ಟರ್ ಕಾಗದಪತ್ರಕ್ಕೆ ಸಹಿ ಹಾಕಲು ಕಚೇರಿಗೆ ಬಂದರು. ಅರ್ಧಕ್ಕರ್ಧ ಇಳಿದಿದ್ದರು, ಕೆಮ್ಮು ಇತ್ತು. ಹೆಂಡತಿ ಬೆಂಚಿನ ಮೇಲೆ ಕುಳಿತಿದ್ದರು. ಒಳಗೆ ನಾವಿಬ್ಬರೇ. ಕೇಳಬಾರದೆಂದುಕೊಂಡಿದ್ದರೂ ಕೇಳಿದೆ.

"ದಿನಾ ಹನ್ನೊಂದೂವರಿಗೆ ಆ ಬಾಯಾರು ತಲಿ ಬಾಚ್ಕೋತಿದ್ರು ಸರ್," ಎಂದು ಅವರು ಶುರು ಮಾಡಿದರು. "ತುಟಿಗೆ ಬಣ್ಣ ಹಚ್ಕೊಂಡು, ಕೋಟ್ ಹಾಕ್ಕೊಂಡು, ಕೊಳ್ಳಾಗ ಬಂದರಿನ ಕಾರ್ಡ್ ಹಾಕ್ಕೊಂಡು ಮ್ಯಾಲ ಹೋಗತಿದ್ರು. ಡ್ಯೂಟಿಗೆ ಹೊಂಟಂಗ. ಬ್ಯಾಡ್ರಿ ಅಂತ ನಾವು ಕೈ ಮುಗದ್ವಿ. ‘ಆಫೀಸ್ ಆಸ್ಕಿಂಗ್’ ಅಂತಿದ್ರು. ಅಷ್ಟ. ಅವತ್ತ ಮ್ಯಾಲಿನ ಮೂರ ಮಹಡಿ ಒಮ್ಮೆಲೆ ಕುಸದ ಕುಂತುವು. ಎರಡ ದಿನ ಬೇಕಾತು ಅವರನ್ನ ಹೊರಗ ತಗ್ಯಾಕ."

ಎದುರಿಗಿಟ್ಟಿದ್ದ ಲೋಟದ ನೀರು ಕುಡಿದು ಮತ್ತೆ ಹೇಳಿದರು. "ಉಯ್ಯಾಲಿ ಹಂತ್ಯಾಕ ಇಟ್ವಿ. ನಾ ಮಾಡಿದ್ದ ಒಲಿ ಇತ್ತಲ್ರಿ, ಅದರ ಬಾಗಲಾ ಬಿಚ್ಚಿ ತಗದೆ. ಮಾಸ್ತರರು ಅದರ ಮ್ಯಾಲ ಅವರ ಅಕ್ಷರದಾಗ ಹೆಸರು ಚಾಕ್‌ಪೀಸಿನ್ಯಾಗ ಬರದ ಕೊಟ್ರು. ನನಗ ಓದಾಕ ಬರಂಗಿಲ್ಲ. ಉಳಿ ಹಿಡದು ಗೆರಿ ಮ್ಯಾಲ ಗೆರಿ ಹೊಡಕೋತ ಹೋದೆ. ಬರೋಬ್ಬರಿ ಬಂತು ಅಂದ್ರು." ತಲೆ ಎತ್ತಿ ನನ್ನನ್ನು ನೋಡಿದರು. "ಕ್ಯಾಪ್ಟನ್ ಸಾಹೇಬ್ರು ನಿಮಗ ಹೇಳಿದ್ರಂತಲ್ರಿ, ದಿನಾ ಬ್ಯಾಡ ಅಂತ."

"ಹೇಳಿದ್ರು," ಎಂದೆ.

ಅವರು ಗಾಜಿನಾಚೆಯ ಬೆಂಚಿನ ಕಡೆ ನೋಡಿದರು. "ಮನ್ಯಾಗ ಹೇಳಿಲ್ರಿ ನಾ. ಆಕಿ ದಿನಾ ಇಲ್ಲಿ ಬಂದ ಕುಂದ್ರತಿದ್ಲು ಅಂತ ಗೊತ್ತಾತು. ಹ್ಯಾಂಗ ಹೇಳೂದು?"

ಆ ಮಾತಿಗೆ ಸರಿಯಾಗಿ ಬಾಗಿಲು ತೆರೆದು ಹೆಂಡತಿ ಒಳಗೆ ಬಂದರು. ಕೈಯಲ್ಲಿ ಒಂದು ಕಟ್ಟು. ಮೇಜಿನ ಮೇಲಿಟ್ಟು ಕಾಗದ ಬಿಚ್ಚಿ ತೋರಿಸಿದರು. ಕೆಂಪು ಸೆರಗಿನ ಇಳಕಲ್ ಸೀರೆ, ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಶೇಂಗಾ ಚಟ್ನಿ.

"ಆ ಅಕ್ಕಾರ ಅಡ್ರೆಸ್ ಬರದ ಕೊಡ್ರಿ ಸರ್. ಇವರನ್ನ ಕೇಳಿದ್ರ ನಾಳೆ ನಾಳೆ ಅಂತಾರ."

ಫಿಟ್ಟರ್ ನೆಲ ನೋಡುತ್ತಿದ್ದರು. ನಾನು ಪೆನ್ನು ತೆಗೆದುಕೊಂಡೆ, ಮತ್ತೆ ಇಟ್ಟೆ. ಅವರು ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು, ನಿಧಾನಕ್ಕೆ ಕುರ್ಚಿಯಲ್ಲಿ ಕುಳಿತರು.

"ಯಾವಾಗ?" ಎಂದು ಕೇಳಿದರು.

ಹೇಳಿದೆ. ವರದಿ ಕಳಿಸಲು ಮೇಲೆ ಹತ್ತಿದ್ದಾಗ ಎಂಬುದನ್ನೂ ಹೇಳಿದೆ. ಅಷ್ಟನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ. ಅವರು ಸೀರೆಯ ಮಡಿಕೆಯನ್ನು ಬೆರಳಿನಿಂದ ನೇರ ಮಾಡಿದರು. ಹೊರಗೆ ಬೆಂಚು ಖಾಲಿ ಇತ್ತು.

"ನಾ ದಿನಾ ಬಂದ ಕುಂದ್ರತಿದ್ದೆ ಅಂತ ಕೇಳಿದ್ರೇನ್ರಿ ನೀವು ಆ ಸುದ್ದಿ?"

ಫಿಟ್ಟರ್ ಸಹಿ ಹಾಕಬೇಕಿದ್ದ ಕಾಗದಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು.

"ಇಲ್ಲ ಅಕ್ಕ," ಎಂದೆ. "ನೀವು ಬಂದರೂ ಬಾರದಿದ್ದರೂ ಕೇಳಲೇಬೇಕಿತ್ತು. ಅದು ಕಂಪನಿಯ ನಿಯಮ. ಎಲ್ಲ ಹಡಗಿಗೂ ಉಂಟು."

ಅವರು ನನ್ನನ್ನೇ ನೋಡುತ್ತಿದ್ದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನಾನು 'ನಿಮ್ಮವರು ನಾಲ್ಕು, ಕ್ಷೇಮ' ಎಂದು ಓದಿ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದ್ದೆ. ಕೊನೆಗೆ ಎದ್ದು, ಸೀರೆಯನ್ನು ಮೊದಲಿದ್ದ ಹಾಗೆ ಕಾಗದದಲ್ಲಿ ಸುತ್ತಿ ನನ್ನ ಕಡೆಗೆ ಸರಿಸಿದರು. "ಅವರದ್ಯಾರರ ಇದ್ರ ಕಳಸ್ರಿ," ಎಂದು ಹೇಳಿ ಗಂಡನ ತೋಳು ಹಿಡಿದುಕೊಂಡು ಹೊರಗೆ ಹೋದರು.

ಬೇರೆ ದೇಶದಲ್ಲಿದ್ದ ಅವರ ತಂಗಿಯ ವಿಳಾಸ ಹುಡುಕಿ ಸೀರೆ ಕಳಿಸಲು ನನಗೆ ಎರಡು ತಿಂಗಳು ಹಿಡಿಯಿತು. ಕಟ್ಟಿನ ಜೊತೆ ಒಂದು ಪತ್ರ ಇಡಬೇಕೆಂದು ಬಹಳ ಸಲ ಬರೆಯಲು ಕುಳಿತೆ, ಆಗಲಿಲ್ಲ. ಈಗಲೂ ದಿನಾ ಹಡಗುಗಳ ವರದಿಗಳು ಬರುತ್ತವೆ, ಓದುತ್ತೇನೆ. ತಡವಾದರೆ ಯಾರಿಗೂ ಗದರುವುದಿಲ್ಲ. ಕಂಪ್ಯೂಟರಿನ ಡ್ರಾಫ್ಟಿನಲ್ಲಿ ಆ ದಿನ ಟೈಪು ಮಾಡಿ ಕಳಿಸದೆ ಬಿಟ್ಟದ್ದು ಹಾಗೆಯೇ ಇದೆ. ಎರಡೇ ಸಾಲು: ದಿನಾ ವರದಿ ಬೇಡ. ಮೇಲೆ ಹತ್ತಬೇಡಿ.